ಹತ್ತೊಂಬತ್ತು ಪತ್ರ, ಒಂದು ಸಾಲು

ಈ ವಾರವೂ ಒಬ್ಬರು ಕ್ಯಾಮೆರಾ ಮುಂದೆ ನಿಂತು ‘ಇದೆಲ್ಲ ನನ್ನ ವಿರುದ್ಧದ ಷಡ್ಯಂತ್ರ’ ಎಂದರು. ಯಾರು ಅಂತ ಬರೆಯುವುದಿಲ್ಲ. ಬರುವ ವಾರ ಅದೇ ಮಾತನ್ನು ಇನ್ನೊಬ್ಬರು ಆಡುತ್ತಾರೆ, ಹೆಸರು ಹಳತಾಗಿರುತ್ತದೆ. ನನಗೆ ರೇಗಿದ್ದು ಅದಕ್ಕಲ್ಲ. ಅದೇ ಸಂಜೆ ಟೀವಿಯಲ್ಲಿ ‘ರಹಸ್ಯ ಸಭೆ’ ಎಂದು ಕೆಂಪಕ್ಷರದಲ್ಲಿ ಹಾಕಿ, ಸಭೆ ನಡೆದಿದ್ದ ಮನೆಯ ಗೇಟಿನಿಂದಲೇ ನೇರಪ್ರಸಾರ ಶುರುವಿಟ್ಟುಕೊಂಡರು. ಯಾರ ಕಾರು ಎಷ್ಟು ಹೊತ್ತಿಗೆ ಒಳಗೆ ಹೋಯಿತು, ಎಲೆಗೆ ಏನೇನು ಬಡಿಸಿದರು, ಎಲ್ಲ ಬಂತು. ಒಳಗಿದ್ದವರು ಕೈ ಒರೆಸಿಕೊಳ್ಳುತ್ತ ಬಂದು ‘ಬರೀ ಊಟಕ್ಕೆ ಸೇರಿದ್ದೆವು’ ಎಂದರು.

ನಿಜಕ್ಕೂ ಗುಟ್ಟು ಕಾಪಾಡಬೇಕಾದವರು ಮೂವತ್ತು ಕಾರು ಸಾಲಾಗಿ ನಿಲ್ಲಿಸಿ ಊಟ ಹಾಕಿಸುತ್ತಾರೆಯೇ? ಪಿತೂರಿ ನಡೆಯುತ್ತಿದೆ ಎಂದು ಕುರ್ಚಿಯಲ್ಲಿ ಕೂತವರಿಗೆ ಕಾಣಿಸುವುದೇ ಅಲ್ಲಿಯ ಅರ್ಧ ಕೆಲಸ. ಉಳಿದರ್ಧ, ಕಂಡವರು ಹೆದರಿ ಏನು ಕೊಡುತ್ತಾರೆ ಎಂದು ಕಾಯುವುದು.

ಇದರ ಹಿಂದೆ ಸಿದ್ಧಾಂತ, ಜಾತಿ ಸಮೀಕರಣ, ಪ್ರಾದೇಶಿಕ ಅಸಮತೋಲನ ಎಂದೆಲ್ಲ ಚರ್ಚಿಸುವ ಪಂಡಿತರಿಗೆ ನಾನು ಯಾವಾಗಲೂ 1989ರ ಏಪ್ರಿಲ್ ತಿಂಗಳನ್ನು ನೆನಪಿಸುತ್ತೇನೆ. ಹಿಂದಿನ ವರ್ಷವಷ್ಟೇ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಗಲಾಟೆಯಲ್ಲಿ ಕುರ್ಚಿ ಬಿಟ್ಟಿದ್ದರು. (ಕುರ್ಚಿಯಲ್ಲಿರುವವರಿಗೆ ಪಕ್ಕದವರ ಮಾತು ಕದ್ದು ಕೇಳುವ ಚಟ ಯಾಕೆ ಹತ್ತುತ್ತದೆ ಎಂಬುದು ಬೇರೆಯದೇ ಅಂಕಣ. 2019ರಲ್ಲಿ ಮತ್ತೆ ಅದೇ ಆರೋಪ ಎದ್ದು ಸಿಬಿಐವರೆಗೆ ಹೋಯಿತು.) ಆಮೇಲೆ ಬಂದ ಎಸ್.ಆರ್. ಬೊಮ್ಮಾಯಿ ಏಪ್ರಿಲ್ 15ರಂದು ಸಂಪುಟಕ್ಕೆ ಹದಿಮೂರು ಜನರನ್ನು ಸೇರಿಸಿಕೊಂಡರು. ಎರಡೇ ದಿನಕ್ಕೆ ಒಬ್ಬ ಶಾಸಕರು ರಾಜಭವನಕ್ಕೆ ಹೋಗಿ ಬೆಂಬಲ ವಾಪಸ್ ಎಂದರು. ಮರುದಿನ ಹತ್ತೊಂಬತ್ತು ಪತ್ರ ತಂದಿಟ್ಟರು. ಅದಾಗಿ ಎರಡು ದಿನಕ್ಕೆ, ಆ ಹತ್ತೊಂಬತ್ತರಲ್ಲಿ ಏಳು ಮಂದಿ ‘ನಮಗೆ ತಪ್ಪು ತಿಳಿವಳಿಕೆ ಕೊಟ್ಟು ರುಜು ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ’ ಎಂದು ಬರೆದುಕೊಟ್ಟರು. ಬೊಮ್ಮಾಯಿ ‘ವಾರದೊಳಗೆ ಸದನ ಕರೆಯುತ್ತೇನೆ, ಅಲ್ಲೇ ತಲೆ ಎಣಿಸಿ’ ಎಂದು ಕೇಳಿಕೊಂಡರು. ರಾಜ್ಯಪಾಲ ವೆಂಕಟಸುಬ್ಬಯ್ಯನವರಿಗೆ ಎಣಿಸುವ ಪುರುಸೊತ್ತಿರಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರವೇ ವಜಾ.

ಹದಿಮೂರು ಜನ ಮಂತ್ರಿಗಳಾದರೆ ಆಗದೆ ಉಳಿದವರು ಎಷ್ಟು ಜನ ಎಂದು ಲೆಕ್ಕ ಹಾಕಿ. ಪಿತೂರಿಯ ಮೂಲ ನನ್ನ ಪ್ರಕಾರ ಅಲ್ಲಿದೆ.

ನಮ್ಮ ಕಡೆಯ ಸಹಕಾರ ಸಂಘವೊಂದರ ಕತೆ ಹೇಳಿದರೆ ಇದು ಇನ್ನೂ ಸಲೀಸಾಗಿ ತಿಳಿಯುತ್ತದೆ. ಅಧ್ಯಕ್ಷರ ಚುನಾವಣೆಗೆ ಮೊದಲು ನಿರ್ದೇಶಕರನ್ನೆಲ್ಲ ಟೆಂಪೋ ಟ್ರಾವೆಲರ್‌ಗೆ ತುಂಬಿಕೊಂಡು ಪ್ರವಾಸ ಹೋಗುವುದು ಅಲ್ಲಿನ ಪದ್ಧತಿ. ದೊಡ್ಡವರ ರೆಸಾರ್ಟಿಗೆ ಮುಂಚಿನಿಂದಲೂ ಇದು ಇದೆ. ಆ ಸಲ ಧರ್ಮಸ್ಥಳಕ್ಕೆ ಕರೆದೊಯ್ದು ಮಂಜುನಾಥನ ಮುಂದೆ ಆಣೆ ಮಾಡಿಸಿದರು. ನಮ್ಮ ಸಂಬಂಧಿಕರೊಬ್ಬರು ಆಣೆ ಮಾಡಿ, ಪ್ರಸಾದ ತಿಂದು, ವಾಪಸ್ ಬಂದು ಎದುರು ಪಾರ್ಟಿಗೆ ಓಟು ಹಾಕಿದರು. ಒಂದು ಓಟಿನಲ್ಲಿ ಅಧ್ಯಕ್ಷಗಿರಿ ಕೈಬದಲಾಯಿತು. ಎಷ್ಟು ತಗೊಂಡಿರಿ ಎಂದು ಊರೆಲ್ಲ ಕೇಳಿತು. ಅವರು ಒಂದು ರೂಪಾಯಿಯೂ ಮುಟ್ಟಿರಲಿಲ್ಲ. ಗೋದಾಮಿನ ಉದ್ಘಾಟನೆಯ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರನ್ನು ತಮ್ಮನ ವಯಸ್ಸಿನವನ ಹೆಸರಿನ ಕೆಳಗೆ ಹಾಕಿದ್ದರು, ಅಷ್ಟೆ. ಆ ಪತ್ರಿಕೆಯನ್ನು ಎರಡು ವರ್ಷ ಬೀರುವಿನಲ್ಲಿ ಜೋಪಾನ ಮಾಡಿದ್ದರು. ನನಗೆ ತೆಗೆದು ತೋರಿಸಿದರು ಕೂಡ.

ದುಡ್ಡು ಇಲ್ಲ ಎನ್ನುತ್ತಿಲ್ಲ. ಧಾರಾಳವಾಗಿ ಇದೆ. ಆದರೆ ದುಡ್ಡು ಕೊಡುವವನಿಗೂ ಮೊದಲು ಹುಡುಕಿಕೊಳ್ಳಬೇಕಾಗುವುದು ಇಂಥ ಬೀರು ಇರುವ ಮನುಷ್ಯನನ್ನು. ಮುಖ್ಯಮಂತ್ರಿಯಾದವರು ಅಂಥ ಬೀರುಗಳನ್ನು ದಿನಕ್ಕೊಂದರಂತೆ ತಾವೇ ತಯಾರು ಮಾಡುತ್ತಿರುತ್ತಾರೆ.

ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದಿತು. ಅಷ್ಟರಲ್ಲಿ ರಾಜ್ಯ ಒಂದು ಚುನಾವಣೆ, ಮೂವರು ಮುಖ್ಯಮಂತ್ರಿಗಳನ್ನು ಕಂಡಿತ್ತು. ಆದರೂ ಪತ್ರ ಹಿಡಿದು ರಾಜಭವನದ ಮೆಟ್ಟಿಲು ಹತ್ತಿ ಸರ್ಕಾರ ಬೀಳಿಸುವುದು ಅಲ್ಲಿಂದಾಚೆಗೆ ಕಷ್ಟವಾಯಿತು. ನಮ್ಮವರು ಬೇರೆ ದಾರಿ ಹುಡುಕಿದರು: ಶಾಸಕ ಸ್ಥಾನಕ್ಕೇ ರಾಜೀನಾಮೆ. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂದು ಮೂರು ಸಾಲದಾದಾಗ ಆಪರೇಷನ್ ಕಮಲ. 2019ರಲ್ಲಿ ಮುಂಬೈ ಹೋಟೆಲು, ಜುಲೈ 23ರಂದು ವಿಶ್ವಾಸಮತದಲ್ಲಿ 99–105, ಹದಿನೇಳು ಜನ ಅನರ್ಹ, ಉಪಚುನಾವಣೆ ಗೆದ್ದ ಅನರ್ಹರಲ್ಲಿ ಹಲವರು ಮಂತ್ರಿಗಳು. ಹಾಗೆ ಕಟ್ಟಿದ ಸರ್ಕಾರಕ್ಕೆ ಎರಡು ವರ್ಷ ತುಂಬುವ ದಿನವೇ ಯಡಿಯೂರಪ್ಪನವರಿಂದ ರಾಜೀನಾಮೆ ಪಡೆದು, ಮುಖ್ಯಮಂತ್ರಿ ಮಾಡಿದ್ದು ಯಾರನ್ನು? ಸದನದಲ್ಲಿ ತಲೆ ಎಣಿಸಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದವರ ಮಗನನ್ನು. ಕತೆಗಾರ ಹೀಗೆ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದರು.

ಈಗ ನನ್ನ ಹಳೇ ರಾಗ. ಓದುಗರು ಸಹಿಸಿಕೊಳ್ಳಬೇಕು. ಸರ್ಕಾರಕ್ಕೆ ಬಹುಮತ ಇದೆಯೇ ಎಂದು ಎಣಿಸುವ ನಿಯಮ ಬಂತು. ಪಕ್ಷದೊಳಗೆ ನಾಯಕನಿಗೆ ಬಹುಮತ ಇದೆಯೇ ಎಂದು ಎಣಿಸುವ ಅಭ್ಯಾಸ ಮಾತ್ರ ಬರಲಿಲ್ಲ. ಅಲ್ಲಿರುವುದು ಒಂದು ಸಾಲಿನ ನಿರ್ಣಯ: ನಾಯಕನನ್ನು ಆರಿಸುವ ಅಧಿಕಾರವನ್ನು ಹೈಕಮಾಂಡಿಗೆ ಬಿಟ್ಟಿದ್ದೇವೆ. 1972ರಲ್ಲಿ ಚುನಾವಣೆಗೇ ನಿಲ್ಲದ ದೇವರಾಜ ಅರಸು ದಿಲ್ಲಿಯ ಮಾತಿನಿಂದ ಮುಖ್ಯಮಂತ್ರಿಯಾದರು. ಅವರು ಒಳ್ಳೆಯ ಮುಖ್ಯಮಂತ್ರಿಯಾದರು ಎನ್ನುವುದು ನಮ್ಮ ಅದೃಷ್ಟವೇ ಹೊರತು ಪದ್ಧತಿಯ ಹೆಚ್ಚುಗಾರಿಕೆಯಲ್ಲ. 1989ರಲ್ಲಿ 224ಕ್ಕೆ 178 ಗೆದ್ದುಕೊಟ್ಟ ವೀರೇಂದ್ರ ಪಾಟೀಲರು ಮರುವರ್ಷ ಕಾಯಿಲೆ ಬಿದ್ದಿದ್ದಾಗ, ಬೆಂಗಳೂರಿಗೆ ಬಂದಿದ್ದ ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ ನಾಯಕ ಬದಲಾಗುತ್ತಾರೆ ಎಂದುಬಿಟ್ಟರು. 1994ರ ಚುನಾವಣೆಯಲ್ಲಿ ಅದೇ ಕಾಂಗ್ರೆಸ್ 34ಕ್ಕೆ ಇಳಿಯಿತು. ಬುದ್ಧಿ ಬಂತೇ? ಬಿಜೆಪಿಯಲ್ಲೂ ವೀಕ್ಷಕರು ಬರುತ್ತಾರೆ, ಹೆಸರು ಜೇಬಿನಲ್ಲಿರುತ್ತದೆ. ಜೆಡಿಎಸ್‌ಗೆ ಈ ತಾಪತ್ರಯವೇ ಇಲ್ಲ, ಅಲ್ಲಿ ಜಾತಕ ಸಾಕು.

ಎಣಿಕೆ ಇಲ್ಲದ ಕಡೆ ಬಲ ತೋರಿಸಲು ಊಟ ಹಾಕಿಸಲೇಬೇಕು, ಕಾರು ನಿಲ್ಲಿಸಲೇಬೇಕು, ದಿಲ್ಲಿ ವಿಮಾನ ಹತ್ತಲೇಬೇಕು. ಶಾಸಕರೆಲ್ಲ ಒಂದು ಕೋಣೆಯಲ್ಲಿ ಕೂತು ಚೀಟಿ ಹಾಕಿ, ಚೀಟಿ ಬಿಚ್ಚಿ, ಸಂಖ್ಯೆಯನ್ನು ಹೊರಗೆ ಬಂದು ಗಟ್ಟಿಯಾಗಿ ಓದಿದರೆ ಆ ಗೇಟಿನ ಮುಂದಿನ ಕ್ಯಾಮೆರಾಗಳು ಮಾರನೆಯ ದಿನವೇ ಮನೆಗೆ ಹೋಗುತ್ತವೆ. 2023ರ ಮೇನಲ್ಲಿ ಗೆದ್ದ ಕಾಂಗ್ರೆಸ್ ಶಾಸಕರೆಲ್ಲರ ಅಭಿಪ್ರಾಯವನ್ನು ವೀಕ್ಷಕರು ರಾತ್ರಿಯೆಲ್ಲ ಕೂತು ಕೇಳಿ, ವರದಿ ಹಿಡಿದುಕೊಂಡು ದಿಲ್ಲಿಗೆ ಹೋದರು. ಯಾರಿಗೆ ಎಷ್ಟು ಬಿತ್ತು ಎಂದು ಪಕ್ಷ ಅಧಿಕೃತವಾಗಿ ಹೇಳಲೇ ಇಲ್ಲ.