ಅರಿಸಿನವೂ ಮಧುಮೇಹಿಯ ಹುಣ್ಣೂ

ಗಾಯಕ್ಕೆ ಅರಿಸಿನವನ್ನು ಹಚ್ಚುವ ವಿಧಾನಕ್ಕೆ 1995ರಲ್ಲಿ ಅಮೆರಿಕೆಯು ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟನ್ನು ದಯಪಾಲಿಸಿದುದನ್ನೂ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ನಮ್ಮ ಪ್ರಾಚೀನ ಗ್ರಂಥಗಳ ಆಧಾರದಿಂದ ವಾದಿಸಿ 1997ರಲ್ಲಿ ಅದನ್ನು ರದ್ದುಗೊಳಿಸಿದುದನ್ನೂ ವಾಚಕರು ಬಲ್ಲರು. ಅಜ್ಜಿಯರ ಕೈಮದ್ದು ಪರರ ಸ್ವತ್ತಾಗಲಿಲ್ಲವೆಂದು ನಾವೂ ಹಿಗ್ಗಿದೆವು.

ಆದರೆ ಅಂದು ಸಿದ್ಧವಾದುದು ಆ ಮದ್ದು ಹಳೆಯದೆಂಬುದು ಮಾತ್ರ. ಅದು ಸಕಲ ವ್ರಣಗಳನ್ನೂ ಮಾಯಿಸುವುದೆಂದಲ್ಲ. ಮಧುಮೇಹಿಯ ಕಾಲಿನ ಹುಣ್ಣು ಸಾಮಾನ್ಯ ಗಾಯವಲ್ಲ. ನರಗಳು ಜಡವಾಗಿರುವುದರಿಂದ ನೋವು ತಿಳಿಯದು; ರಕ್ತಸಂಚಾರವು ಕುಂದಿರುವುದರಿಂದ ಗಾಯವು ಬೇಗ ಮಾಯದು; ಲೇಪದ ಮರೆಯಲ್ಲಿಯೇ ಸೋಂಕು ಎಲುಬಿಗಿಳಿಯಬಹುದು. ಅಡುಗೆಮನೆಯ ಅರಿಸಿನವಾಗಲಿ ಜೇನಾಗಲಿ ಕ್ರಿಮಿರಹಿತವಲ್ಲ. ಮಧುಮೇಹಿಗಳ ಪಾದರೋಗವನ್ನು ಕುರಿತ ಅಂತರರಾಷ್ಟ್ರೀಯ ತಜ್ಞಮಂಡಲಿಯು, ಇಂತಹ ಹುಣ್ಣನ್ನು ಮಾಯಿಸಲು ಜೇನನ್ನೂ ಗಿಡಮೂಲಿಕೆಯ ಲೇಪಗಳನ್ನೂ ಬಳಸಬಾರದೆಂದು 2023ರಲ್ಲಿ ಸೂಚಿಸಿದೆ.

ಇದು ಸ್ವದೇಶೀ ವೈದ್ಯಕ್ಕೆ ಅಪಮಾನವೆಂದು ನಾವು ಎಣಿಸುವುದಿಲ್ಲ. ನಮ್ಮ ಮೂಲಿಕೆಗಳನ್ನು ಪ್ರಯೋಗಶಾಲೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಒರೆಗೆ ಹಚ್ಚುವುದೇ ನಿಜವಾದ ಅಭಿಮಾನವು. ಅವು ಆ ಪರೀಕ್ಷೆಯಲ್ಲಿ ಗೆಲ್ಲುವವರೆಗೆ, ಮಧುಮೇಹಿಗಳು ದಿನವೂ ತಮ್ಮ ಪಾದಗಳನ್ನು ಪರೀಕ್ಷಿಸಿಕೊಳ್ಳಲಿ. ಹುಣ್ಣು ಕಂಡೊಡನೆ ವೈದ್ಯರಲ್ಲಿಗೆ ಹೋಗಲಿ. ಅಭಿಮಾನಕ್ಕಾಗಿ ಯಾರೂ ಕಾಲನ್ನು ತೆರಬೇಕಾಗಿಲ್ಲ.