ಗಾಲಿಯ ಅಂದಕ್ಕಿಂತ ಟೈರಿನ ಅಂಕೆ ಮುಖ್ಯ



ಪಿಕಪ್ಪಿಗೆ ಅಗಲದ ಅಲಾಯ್ ಗಾಲಿ ಹಾಕಿಸುವ ಗೀಳು ನಮ್ಮ ಬೆಳೆಗಾರರಲ್ಲೂ ಹಬ್ಬುತ್ತಿದೆ. ಇದು ದುಂದುವೆಚ್ಚವೆಂದೇ ನನ್ನ ಅಭಿಪ್ರಾಯ.

ಪಿಕಪ್ ಇರುವುದು ಅಡಿಕೆ, ಕಾಫಿ, ಗೊಬ್ಬರದ ಮೂಟೆ ಹೊರಲು. ಟೈರಿನ ಪಕ್ಕೆಯಲ್ಲಿ ಅಳತೆಯ ನಂತರ ಬರುವ ಅಂಕೆಯೇ ಅದರ ತಾಕತ್ತು. 100 ಎಂದಿದ್ದರೆ ಒಂದು ಟೈರು 800 ಕಿಲೋ, 108 ಎಂದಿದ್ದರೆ 1000 ಕಿಲೋ ಹೊರಬಲ್ಲದು. ವಾಹನದ ಕಂಪೆನಿ ಹೇಳಿದ್ದಕ್ಕಿಂತ ಕಡಿಮೆ ಅಂಕೆಯದನ್ನು ಅಗ್ಗವೆಂದು ಕೊಂಡರೆ, ಘಾಟಿಯ ಇಳಿಜಾರಿನಲ್ಲಿ ಪ್ರಾಣವೇ ಪಣ. ತಯಾರಿಕೆಯ ಕಾಲವನ್ನೂ ಓದಿರಿ: 2324 ಎಂದರೆ 2024ರ 23ನೇ ವಾರ.

ಕುರಿಗೊಬ್ಬರಕ್ಕೆಂದು ಗಜೇಂದ್ರಗಡ, ಪುರ್ತಗೇರಿಯ ಕಡೆ ಹೋಗುವವರಿಗೆ ಮಳೆಯಲ್ಲಿ ಎರೆಮಣ್ಣು ಎದುರಾಗುತ್ತದೆ. ಅದು ಒತ್ತೊತ್ತಾದ ಕಚ್ಚುಗಳಲ್ಲಿ ತುಂಬಿ ಟೈರನ್ನು ನುಣುಪಾಗಿಸುತ್ತದೆ. ಅಲ್ಲಿಗೆ ಬಿಡುವಾದ, ಆಳದ ಕಚ್ಚು ಬೇಕು. ಅಂಥ ಟೈರಿಗೆ ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ. ಆದ್ದರಿಂದ ವರ್ಷದಲ್ಲಿ ಹೆಚ್ಚು ಓಡುವ ದಾರಿ ಯಾವುದೆಂದು ಯೋಚಿಸಿ ಆರಿಸಿರಿ.

ಹೊರಚಾಚಿದ ಗಾಲಿಯಿಂದ ಬೇರಿಂಗಿಗೆ ಹೊರೆ ಹೆಚ್ಚು. ಹೊಂಡಕ್ಕೆ ಬಿದ್ದರೆ ಉಕ್ಕಿನ ಗಾಲಿ ಬಾಗೀತು, ಅಲಾಯ್ ಬಿರಿದೀತು. ಕಚ್ಚು ಸವೆದು 1.6 ಮಿಲಿಮೀಟರಿಗೆ ಇಳಿಯುವ ಮುನ್ನವೇ ಟೈರು ಬದಲಿಸಿರಿ. ಕಾನೂನಿನ ಮಿತಿಯೂ ಅದೇ.

ಗಾಲಿಯ ಶೃಂಗಾರಕ್ಕೆ ತೆಗೆದಿಟ್ಟ ಹಣವನ್ನು ಒಳ್ಳೆಯ ಟೈರಿಗೆ ವಿನಿಯೋಗಿಸುವುದೇ ಜಾಣತನ.