ಉಪಕರಣವಿದೆ, ವಿಶ್ವಾಸವೆಲ್ಲಿ?

2020ರ ಮಾರ್ಚ್‌ನಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ನಮ್ಮ ಉಪನ್ಯಾಸಕರು ಯಾವ ಪೂರ್ವಸಿದ್ಧತೆಯೂ ಇಲ್ಲದೆ ಆನ್‌ಲೈನ್ ಬೋಧನೆಗೆ ಇಳಿಯಬೇಕಾಯಿತು. ಆ ಆಪತ್ತು ಕಳೆದೊಡನೆ ಸಿದ್ಧತೆಯ ಪ್ರಶ್ನೆಯೂ ಮುಗಿಯಿತೆಂದು ಭಾವಿಸುವುದು ತಪ್ಪು. 2022ರ ಆಗಸ್ಟ್‌ನಲ್ಲಿ ಭಟ್ಕಳ ಜಲಾವೃತವಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಹಲವು ದಿನ ಸ್ಥಗಿತಗೊಂಡಿತು. ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಬೆಸೆದಿರುವುದು ಇದೇ ಹೆದ್ದಾರಿ. ಮಳೆಗಾಲದಲ್ಲಿ ರಜೆ ಘೋಷಣೆಯಾದಾಗಲೆಲ್ಲ ಪಾಠ ನಿಲ್ಲುತ್ತದೆ, ನಷ್ಟ ವಿದ್ಯಾರ್ಥಿಗಳದ್ದು.

ವೇದಿಕೆಗಳಿಗೇನೂ ಕೊರತೆಯಿಲ್ಲ. ಕೇಂದ್ರ ಸರಕಾರದ 'ಸ್ವಯಂ' 2017ರಿಂದಲೇ ಇದೆ. ಕೊರತೆಯಿರುವುದು 'ನಾನಿದನ್ನು ಮಾಡಬಲ್ಲೆ' ಎಂಬ ಅಧ್ಯಾಪಕರ ವಿಶ್ವಾಸಕ್ಕೆ. ಒಂದು ದಿನದ ಕಾರ್ಯಾಗಾರ, ಒಂದು ಪ್ರಮಾಣಪತ್ರ, ಒಂದು ಸಾಮೂಹಿಕ ಛಾಯಾಚಿತ್ರ- ಇವುಗಳಿಂದ ಅದು ಹುಟ್ಟುವುದಿಲ್ಲ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ವಿವರಿಸಿದಂತೆ, ಆತ್ಮವಿಶ್ವಾಸದ ಪ್ರಬಲ ಮೂಲ ಸ್ವತಃ ಮಾಡಿ ಗೆದ್ದ ಅನುಭವ. ತನ್ನಂಥವನೊಬ್ಬ ಮಾಡಿದ್ದನ್ನು ಕಾಣುವುದು ಇನ್ನೊಂದು ಮೂಲ. ಉಪದೇಶದ ಪ್ರಭಾವ ಇವೆರಡಕ್ಕಿಂತ ದುರ್ಬಲ.

ಹಾಗಿದ್ದರೆ ಮಾಡಬೇಕಾದುದೇನು? ಕಾಲೇಜು ತೆರೆದಿರುವ ಶಾಂತ ದಿನಗಳಲ್ಲೇ ಪ್ರತಿಯೊಬ್ಬ ಉಪನ್ಯಾಸಕರೂ ತಮ್ಮದೇ ವಿದ್ಯಾರ್ಥಿಗಳಿಗೆ ಹತ್ತು ನಿಮಿಷದ ಒಂದು ಸಣ್ಣ ಪಾಠವನ್ನು ಆನ್‌ಲೈನ್‌ನಲ್ಲಿ ನಡೆಸಲಿ. ಎಡವಿದರೆ ಮರುವಾರ ತಿದ್ದಿಕೊಳ್ಳಲಿ. ಇತಿಹಾಸದ ಉಪನ್ಯಾಸಕರಿಗೆ ಇತಿಹಾಸದ ಉಪನ್ಯಾಸಕರೇ ತೋರಿಸಿಕೊಡಲಿ. ತಂತ್ರಜ್ಞರು ಪಕ್ಕದಲ್ಲಿ ನೆರವಿಗಿರಲಿ. 1919ರಲ್ಲಿ ಸ್ಥಾಪನೆಯಾದ ಭಟ್ಕಳದ ಅಂಜುಮನ್‌ನ ಆಶ್ರಯದಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ, ಪದವಿ ಕಾಲೇಜೂ ಇದೆ. ಹೊನ್ನಾವರದ ಎಸ್.ಡಿ.ಎಂ., ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜುಗಳು ದೂರದಲ್ಲಿಲ್ಲ. ಇವು ಪರಸ್ಪರ ಕೈಜೋಡಿಸಿದರೆ ಅಧ್ಯಾಪಕರ ಅನುಭವ ಹಂಚಿಕೆಯಾಗುವುದು ಮಾತ್ರವಲ್ಲ, ಊರೂರುಗಳ ನಡುವಿನ, ಸಮುದಾಯಗಳ ನಡುವಿನ ಅಂತರವೂ ಒಂದಿಷ್ಟು ಕಡಿಮೆಯಾದೀತು.

ಸಮಯ ಮತ್ತು ವೇತನದ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಸರಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗಿಳಿದಿದ್ದರು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಆತಂಕದಲ್ಲಿರುವವರಿಂದ ಹೊಸ ಬೋಧನಾ ಕ್ರಮವನ್ನು ನಿರೀಕ್ಷಿಸುವುದು ನ್ಯಾಯವೇ? ಪಾಠದ ಸಿದ್ಧತೆಗೆ ತಗಲುವ ಗಂಟೆಗಳನ್ನು ಸರಕಾರವೂ ಆಡಳಿತ ಮಂಡಳಿಗಳೂ ದುಡಿಮೆಯೆಂದೇ ಪರಿಗಣಿಸಬೇಕು.

ಘಟ್ಟದಂಚಿನ ಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ವಿದ್ಯಾರ್ಥಿಗಳು ಗುಡ್ಡ ಹತ್ತಿದ್ದನ್ನು ಈ ಜಿಲ್ಲೆ ಕಂಡಿದೆ. ಆದ್ದರಿಂದ ಪಾಠವನ್ನು ಧ್ವನಿಮುದ್ರಿಸಿ ಸಣ್ಣ ಕಡತವಾಗಿ ಕಳುಹಿಸುವುದೂ ತರಬೇತಿಯ ಭಾಗವಾಗಬೇಕು. ಮನೆಯ ಹೊಣೆಯಿಂದಾಗಿ ಕಾಲೇಜು ತಪ್ಪಿಸಿಕೊಳ್ಳುವ ಹೆಣ್ಣುಮಗಳಿಗೆ ಅದೇ ಆಸರೆಯಾಗಬಹುದು.

ಕಟ್ಟಡಗಳಿಗೆ ದೇಣಿಗೆ ನೀಡುವುದರಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ಗಲ್ಫ್‌ನಲ್ಲಿ ಬೆವರು ಹರಿಸಿದವರ ಕೊಡುಗೆ ಅದರಲ್ಲಿ ದೊಡ್ಡದು. ಆದರೆ ಅಧ್ಯಾಪಕರ ಕಲಿಕೆಗೆ ಕೊಡುವ ದಾನ ಗೋಡೆಯ ಮೇಲೆ ಹೆಸರಾಗಿ ಕಾಣಿಸುವುದಿಲ್ಲ. ಓದುವ ಆದೇಶದೊಂದಿಗೆ ಅವತೀರ್ಣಗೊಳ್ಳಲಾರಂಭಿಸಿದ ಗ್ರಂಥದ ಅನುಯಾಯಿಗಳು, ಓದಿಸುವವರನ್ನು ಸಜ್ಜುಗೊಳಿಸುವ ಹೊಣೆಯನ್ನು ಮುಂದಿನ ಆಪತ್ತಿನವರೆಗೆ ಮುಂದೂಡಬಾರದು.